ಎಲ್ಲಾರಿಗೂ ಒಂದ ಪಾಠ

ಜೋಳ ಕೀಳುವ ದಿನಗಳಲ್ಲಿ ದುರ್ಗವ್ವ ಮಗಳ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದಳು. ಹಗ್ಗದ ಇನ್ನೊಂದು ತುದಿ ದುರ್ಗವ್ವನ ಸೊಂಟದಲ್ಲಿರುತ್ತಿತ್ತು. ಕಲ್ಲನಗೌಡನ ಹೊಲದ ಜೋಳ ಆಳೆತ್ತರ. ಒಳಗೆ ಹೊಕ್ಕ ಹುಡುಗಿ ಕಣ್ಣಿಗೆ ಕಾಣುವುದಿಲ್ಲ. ಕೂಗಿದರೆ ಆಕೆಗೆ ಕೇಳುವುದಿಲ್ಲ. ಹಗ್ಗ ಜಗ್ಗಿದರೆ ಮಾತ್ರ ತಿರುಗಿ ಬರುತ್ತಾಳೆ.

ದಂಟು ಕಿತ್ತು ಕಿತ್ತು ದುರ್ಗವ್ವನ ಅಂಗೈ ಸುಲಿದಿತ್ತು. ಹಗ್ಗ ತಿಕ್ಕಿ ಸೊಂಟದಲ್ಲಿ ಕರೀ ಬರೆ ಬಿದ್ದಿತ್ತು. ಮಗಳಿಗೂ ಅಂಥದೇ ಬರೆ.

"ದನಾ ಕಟ್ಟಿದಂಗ ಕಟ್ಟೀಯಲ್ಲ ದುರ್ಗೀ" ಅಂತ ಜೊತೆಯ ಹೆಂಗಸರು ಅನ್ನುತ್ತಿದ್ದರು.

"ದನಕ್ಕ ಕಿವಿ ಇರ್ತಾವಬೇ" ಅಂತಿದ್ದಳು ದುರ್ಗವ್ವ.

ಮಗಳ ಹೆಸರು ಶೆಟ್ಟೆವ್ವ. ಹುಟ್ಟಿದಾಗ ಕಿವಿ ಚಲೋ ಇದ್ದವು. ಮಾತೂ ಬಂದಿದ್ದವು. ದಡಾರ ಎದ್ದ ವರ್ಷ ಜ್ವರ ತಲೆಗೇರಿತು. ಸಿಂದಗಿ ದವಾಖಾನೆಗೆ ಹೊತ್ತುಕೊಂಡು ಹೋದರೆ ಡಾಕ್ಟರು ರಜೆಯ ಮೇಲಿದ್ದರು. ಜೀವ ಉಳಿಯಿತು, ಕಿವಿ ಹೋದವು. ಆಮೇಲೆ ಇದ್ದ ಮಾತೂ ದಿನಾ ದಿನಾ ಮೊಂಡಾಗುತ್ತ ಬಂತು. ಸೊಲ್ಲಾಪುರದ ಗಿರಣಿಗೆ ಅಂತ ಹೋದ ಅಪ್ಪ ತಿರುಗಿ ಬರಲಿಲ್ಲ. ನೀರಲಖೇಡದ ಮಂದಿ ಆಕೆಯ ಹೆಸರು ಮರೆತು 'ಕಿವುಡಿ' ಅನ್ನತೊಡಗಿದರು. ಆಕೆಗೆ ಅದೂ ಕೇಳಿಸುತ್ತಿರಲಿಲ್ಲ.

ದೊಡ್ಡ ಬರ ಹೋದ ಮೇಲೆ, ಎಪ್ಪತ್ತನಾಲ್ಕರ ಮಳೆಗಾಲದಲ್ಲಿ, ಊರ ಸಾಲಿಗೆ ಪಾಠ ಹೇಳಲು ಹೊಸದಾಗಿ ಒಬ್ಬರು ಅಕ್ಕೋರು ಬಂದರು. ಇಂದ್ರಾಬಾಯಿ ಅಂತ. ಇಂಡಿ ಕಡೆಯವರು. ದುರ್ಗವ್ವನ ಹಾಗೆ ಅವರೂ ಕೇರಿಯಲ್ಲೇ ಹುಟ್ಟಿ, ಕೇರಿಯಿಂದಲೇ ಕಲಿತು ಬಂದವರು. ಊರೊಳಗೆ ಯಾರೂ ಮನೆ ಕೊಡಲಿಲ್ಲ. ಕೇರಿಯ ಅಂಚಿನಲ್ಲಿ ರಮಜಾನಬಿ ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟಳು. ರಮಜಾನಬಿ ಸಾಲಿಯಲ್ಲಿ ಮಕ್ಕಳಿಗೆ ಸರಕಾರದ ಉಪ್ಪಿಟ್ಟು ಮಾಡಿ ಬಡಿಸುವ ಮುದುಕಿ. ಅಕ್ಕೋರು ಪಡಸಾಲೆಯ ಗೋಡೆಗೆ ಬಾಬಾಸಾಹೇಬರ ಪಟ ತೂಗುಹಾಕಿದರು. ಮರುದಿನವೇ ಕೇರಿಯಲ್ಲಿ ಮನೆ ಮನೆ ತಿರುಗಿದರು.

ದುರ್ಗವ್ವನ ಗುಡಿಸಲಿನ ಮುಂದೆ ನಿಂತು, "ಈ ಹುಡುಗಿ ಯಾಕ ಸಾಲಿಗೆ ಬರಂಗಿಲ್ಲ?" ಅಂತ ಕೇಳಿದರು.

"ಅದಕ ಕೇಳಸಂಗಿಲ್ರಿ ಅಕ್ಕೋರ."

"ಕಣ್ಣು ಕಾಣತಾವಿಲ್ಲೊ?"

"ಕಾಣತಾವ್ರಿ."

"ಹಂಗಾದ್ರ ನಾಳಿಂದ ಕಳಸು."

ದುರ್ಗವ್ವ ನಂಬಲಿಲ್ಲ. ಆದರೂ ಸಾಲಿಯಲ್ಲಿ ಉಪ್ಪಿಟ್ಟು ಸಿಗುತ್ತದೆ, ಒಂದು ಹೊತ್ತಿನ ಹೊಟ್ಟೆ ತುಂಬುತ್ತದೆ ಅಂತ ಕಳಿಸಿದಳು.

ಸಾಲಿ ಅಂದರೆ ಎರಡು ಖೋಲಿ. ಒಂದರಲ್ಲಿ ಹೆಡ್‌ಮಾಸ್ತರ ಭೀಮಶ್ಯಾ, ಇನ್ನೊಂದರಲ್ಲಿ ಅಕ್ಕೋರು. ಭೀಮಶ್ಯಾ ಮಾಸ್ತರರ ಪಾಠ ಊರಿಗೆಲ್ಲ ಗೊತ್ತು. ಅವರು ಕುರ್ಚಿಯ ಮೇಲೆ ಕೂತು ಒಂದು ಸಾಲು ಓದುತ್ತಿದ್ದರು. ಮಕ್ಕಳು ಒಟ್ಟಿಗೆ ಒದರುತ್ತಿದ್ದರು. ಒದರಿದವ ಕಲಿತ, ಒದರದವ ಕೋಣ. ಕುರಿ ಕಾಯ್ದು ತಡವಾಗಿ ಬಂದವ ಬಾಗಿಲ ಹೊರಗೆ ನಿಲ್ಲಬೇಕು.

ಅಕ್ಕೋರು ಹಾಗೆ ಕಲಿಸಲಿಲ್ಲ. ಅವರ ಖೋಲಿಯೊಳಗೆ ಇಣುಕಿದರೆ ಸಂತೆಯ ಹಾಗೆ ಕಾಣುತ್ತಿತ್ತು. ಒಂದು ಮೂಲೆಯಲ್ಲಿ ಕುರುಬರ ಹುಡುಗರು ಹುಣಸೆಬೀಜ ಹಾಸಿಕೊಂಡು ಲೆಕ್ಕ ಮಾಡುತ್ತಿದ್ದರು. ಅವರಿಗಾಗಿ ಅಕ್ಕೋರು ಸಂಜೆ ಕುರಿದಡ್ಡಿಯ ಹತ್ತಿರ ಹೋಗಿ ಮತ್ತೊಮ್ಮೆ ಪಾಠ ಹೇಳುತ್ತಿದ್ದರು. ರಮಜಾನಬಿಯ ಮೊಮ್ಮಗಳು ಜನ್ನತಬಿಗೆ ಮನೆಯಲ್ಲಿ ಉರ್ದು ಮಾತು. ಆಕೆಗೆ ಒಂದೊಂದು ಶಬ್ದವನ್ನೂ ಎರಡೂ ಭಾಷೆಯಲ್ಲಿ ಹೇಳುತ್ತಿದ್ದರು. ಕಲ್ಲನಗೌಡನ ಮೊಮ್ಮಗ ಚುರುಕು ಹುಡುಗ. ಆತನಿಗೆ ಮುಂದಿನ ವರ್ಗದ ಪುಸ್ತಕ ಕೊಟ್ಟಿದ್ದರು. ಆತ ಖುಷಿಯಿಂದ ಓದುತ್ತಿದ್ದ.

ಶೆಟ್ಟೆವ್ವನನ್ನು ಮೊದಲ ಸಾಲಿನಲ್ಲಿ, ಕಿಡಕಿಯ ಬದಿಗೆ ಕೂಡಿಸಿದ್ದರು. ಅಕ್ಕೋರು ಆ ಕಿಡಕಿಗೆ ಎದುರಾಗಿ ನಿಲ್ಲುತ್ತಿದ್ದರು. ಬೆಳಕು ಅವರ ಮುಖದ ಮೇಲೆ ಬೀಳಬೇಕು, ಹುಡುಗಿಗೆ ತುಟಿ ಕಾಣಬೇಕು. ಮೊದಮೊದಲು ಹುಡುಗಿ ಪಿಳಿಪಿಳಿ ನೋಡುತ್ತಿದ್ದಳು. ಆಮೇಲೆ ತುಟಿ ಹಿಡಿಯತೊಡಗಿದಳು. 'ಪ' ಅಂದರೂ 'ಬ' ಅಂದರೂ ತುಟಿ ಒಂದೇ ಥರ ಕೂಡುತ್ತವೆ. ಹುಡುಗಿಗೆ ಗೊಂದಲವಾಗುತ್ತಿತ್ತು. ಅಕ್ಕೋರು ಆಕೆಯ ಕೈ ತಗೊಂಡು ತಮ್ಮ ಗಂಟಲಿಗೆ ಹಚ್ಚಿಕೊಂಡರು. 'ಬ' ಅಂದಾಗ ಗಂಟಲು ಗುಂಯ್ ಅಂತಿತ್ತು. 'ಪ' ಅಂದಾಗ ಸುಮ್ಮನಿರುತ್ತಿತ್ತು. ಹುಡುಗಿ ಕಣ್ಣರಳಿಸಿ ನಕ್ಕಳು. ಮನೆಗೆ ಬಂದು ಅವ್ವನ ಗಂಟಲಿಗೂ ಕೈ ಹಚ್ಚಿದಳು. ದುರ್ಗವ್ವನಿಗೆ ತಿಳಿಯಲಿಲ್ಲ, "ಏನಬೇ, ಕುತ್ತಿಗಿ ಹಿಸಕ್ತೀಯೇನು?" ಅಂದಳು. ಗಂಟಲು ನಡುಗಿದ್ದಕ್ಕೇ ಹುಡುಗಿಗೆ ಸಂತೋಷ.

ದೀಪಾವಳಿ ಆದಮೇಲೆ ಒಂದು ದಿನ ಅವ್ವ ಮಗಳು ಬಸ್ಸಿಗೆ ಅಂತ ರಸ್ತೆಗೆ ಬಂದು ನಿಂತಿದ್ದರು. ಆಲಮೇಲದಿಂದ ಬಸ್ಸು ಬಂತು. ಶೆಟ್ಟೆವ್ವ ಅದರ ಬೋರ್ಡು ನೋಡಿ ತನ್ನ ಮೊಂಡು ದನಿಯಲ್ಲಿ ಜೋರಾಗಿ, "ಸಿಂ-ದ-ಗಿ" ಅಂದಳು. ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಗಂಡಸರು ತಿರುಗಿ ನೋಡಿದರು. ದುರ್ಗವ್ವನಿಗೆ ಬೋರ್ಡು ಓದಲು ಬರುವುದಿಲ್ಲ. "ಹೌದೇನ್ರಿ ಯಪ್ಪಾ? ಸಿಂದಗಿ ಅಂತ ಬರದೈತೇನ್ರಿ?" ಅಂತ ಅವರನ್ನು ಕೇಳಿದಳು. ಅವರು ಹೌದು ಅಂದರು. ಆಕೆ ಬಸ್ಸು ಹತ್ತುವುದನ್ನೇ ಮರೆತು ನಿಂತಳು.

ಆ ವರ್ಷದ ಸುಗ್ಗಿಯಲ್ಲಿ ದುರ್ಗವ್ವ ಒಬ್ಬಳೇ ಜೋಳ ಕಿತ್ತಳು. ಹೊಲದ ಬದುವಿಗೆ ಕಲ್ಲನಗೌಡ ಬಂದು ನಿಂತ.

"ನಿನ ಮಗಳೆಲ್ಲಿ?"

"ಸಾಲಿಗೆ ಹೋಗಾಕತ್ತಾಳ್ರಿ ಧಣಿ."

"ಕಿವುಡಿ ಸಾಲಿ ಕಲ್ತು ಮಾಮಲೇದಾರ್ಕಿ ಮಾಡತಾಳೇನು? ನಾಳಿಂದ ನಮ್ಮನೀಗಿ ಕಳಸು. ದನದ ಕೊಟ್ಟಿಗಿ ಬಳ್ಯಾಕ ಗೌಡ್ತಿಗೆ ಒಂದಾಳು ಬೇಕಾಗೈತಿ."

"ಅಕ್ಕೋರು ಬಿಡಿಸಬ್ಯಾಡ ಅಂದಾರ್ರಿ. ಓದಾಕ ಬರತೈತ್ರಿ ಈಗ."

ಗೌಡ ನಕ್ಕ. ಪಕ್ಕದಲ್ಲಿದ್ದ ತನ್ನ ಆಳಿಗೆ, "ಆಳಂದ್ರ ಇಂಥದಿರಬೇಕೋ. ಮನ್ಯಾಗ ಆಡಿದ ಮಾತು ಅದಕ ಕೇಳಂಗಿಲ್ಲ, ಹೊರಗ ಹೋಗಿ ಹೇಳಂಗಿಲ್ಲ" ಅಂದ. ಆಮೇಲೆ ನಗುತ್ತಲೇ ಹೋದ. ಗೌಡ ಬೈದಿದ್ದರೆ ದುರ್ಗವ್ವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮರುದಿನ ಗೌಡ ಸಾಲಿಗೆ ಬಂದ. ಭೀಮಶ್ಯಾ ಮಾಸ್ತರ ಎದ್ದು ಕುರ್ಚಿ ಬಿಟ್ಟುಕೊಟ್ಟರು. ರಮಜಾನಬಿ ಹೊರಗೆ ಒಲೆಯ ಮುಂದಿದ್ದಳು. ಎಲ್ಲ ಆಕೆಯ ಕಿವಿಗೆ ಬಿತ್ತು.

"ನನ್ನ ಮೊಮ್ಮಗ ಎರಡನೇ ಸಾಲಿನ್ಯಾಗ, ಆ ಕೇರಿ ಕಿವುಡಿ ಒಂದನೇ ಸಾಲಿನ್ಯಾಗ. ಇದ್ಯಾವ ಸಾಲೀನೋ ಮಾಸ್ತರ?"

ಮಾಸ್ತರ ಅಕ್ಕೋರನ್ನು ಕರೆಸಿದರು. "ನೋಡ್ರಿ ಬಾಯಾರ, ನಿಮ್ಮ ಖೋಲ್ಯಾಗ ಒಬ್ಬೊಬ್ಬರಿಗೆ ಒಂದೊಂದು ಪಾಠ ನಡದೈತಿ. ಇದು ಭೇದಭಾವ ಆಗತೈತಿ. ನನಗ ಎಲ್ಲಾ ಮಕ್ಕಳು ಸಮ. ಎಲ್ಲಾರಿಗೂ ಒಂದ ಪಾಠ."

"ಎಲ್ಲಾರಿಗೂ ಒಂದ ಅಳತೀ ಅಂಗಿ ಹೊಲಿಸಿದ್ರ ಯಾರಿಗೆ ಬರತೈತ್ರಿ ಸರ?" ಅಂದರು ಅಕ್ಕೋರು. "ಆಕಿಗೆ ನನ್ನ ಬಾಯಿ ಕಂಡ್ರ ಮಾತ್ರ ತಿಳಿತೈತಿ. ಗೌಡ್ರ ಮೊಮ್ಮಗಗ ಎಲ್ಲಿ ಕೂತ್ರೂ ಕೇಳತೈತಿ. ಆತನೂ ಚಲೋ ಓದಾಕತ್ತಾನ, ಬೇಕಾದ್ರ ಕೇಳ್ರಿ."

"ಬಾಯಿ ಭಾಳ ಐತಿ ಈಕಿಗೆ" ಅಂದು ಗೌಡ ಎದ್ದ.

ಅದಾಗಿ ಸ್ವಲ್ಪ ದಿನಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಮುಂಜಾನೆಯೇ ಮಾಸ್ತರ ಎರಡೂ ಖೋಲಿಯ ಮಕ್ಕಳನ್ನು ಒಟ್ಟುಮಾಡಿ ಎತ್ತರದ ಪ್ರಕಾರ ಕೂಡಿಸಿದ್ದರು. ಶೆಟ್ಟೆವ್ವ ಕೊನೆಯ ಸಾಲಿನ ಕತ್ತಲ ಮೂಲೆಗೆ ಬಿದ್ದಿದ್ದಳು. ಅಕ್ಕೋರು ಆಕೆಯನ್ನು ಮುಂದೆ ಕರೆಯಲು ಹೋದರೆ ಮಾಸ್ತರ, "ಸಾಹೇಬ್ರ ಮುಂದ ತಮಾಷಾ ಬ್ಯಾಡ" ಅಂತ ತಡೆದರು.

ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಬಿಸಿಲಲ್ಲಿ ನಡೆದು ಬಂದು ದಣಿದಿದ್ದರು. ಮಧ್ಯಾಹ್ನದ ಬಸ್ಸಿಗೆ ಮುಂದಿನ ಊರಿಗೆ ಹೋಗಬೇಕಿತ್ತು. ಗೌಡನ ಮನೆಯಲ್ಲಿ ಊಟಕ್ಕೆ ಹೇಳಿದ್ದರು. ಉಕ್ತಲೇಖನ ತಗೊಳ್ಳುತ್ತೇನೆ ಅಂದು ಪುಸ್ತಕ ಹಿಡಿದು ಸಾಲುಗಳ ನಡುವೆ ಅಡ್ಡಾಡುತ್ತ ಹೇಳತೊಡಗಿದರು.

ಶೆಟ್ಟೆವ್ವ ಅವರ ಬಾಯಿ ನೋಡಲು ಕುತ್ತಿಗೆ ಅತ್ತಿತ್ತ ತಿರುಗಿಸುತ್ತಿದ್ದಳು. ಅವರು ಈ ಕಡೆ ಬಂದರೆ ಬರೆಯುತ್ತಿದ್ದಳು. ಬೆನ್ನು ತಿರುಗಿಸಿದರೆ ನಿಲ್ಲುತ್ತಿದ್ದಳು. ಒಮ್ಮೆ ಮೊಣಕಾಲ ಮೇಲೆ ಎದ್ದು ಇಣುಕಿದಳು. ಮಾಸ್ತರ ಹಿಂದಿನಿಂದ ಬಂದು ತಲೆಗೆ ಕುಟ್ಟಿ ಕೂಡಿಸಿದರು.

"ಸಾಹೇಬ್ರ" ಅಂದರು ಅಕ್ಕೋರು, "ಆ ಹುಡುಗಿಗೆ ಕಿವಿ ಕೇಳಸಂಗಿಲ್ರಿ. ತುಟಿ ನೋಡಿ ತಿಳ್ಕೋತಾಳ್ರಿ. ಒಂದ ಸಲ ಆಕೀ ಕಡೆ ಮಾರಿ ಮಾಡಿ ಹೇಳ್ರಿ. ದೊಡ್ಡ ಉಪಕಾರ ಆಗತೈತಿ."

ಸಾಹೇಬರು ಪುಸ್ತಕ ಕೆಳಗಿಳಿಸಿದರು. "ನೋಡಿ ಇವರೇ, ಒಬ್ಬರಿಗೊಂದು ರೀತಿ ಪರೀಕ್ಷೆ ಮಾಡಲಿಕ್ಕೆ ನನಗೆ ಅಧಿಕಾರ ಇಲ್ಲ. ನಾಳೆ ಇನ್ನೊಬ್ಬ ತನಗೂ ಬೇರೆ ಮಾಡಿ ಅಂತಾನೆ. ಎಲ್ಲರಿಗೂ ಒಂದೇ ನಿಯಮ. ಅದಕ್ಕೇ ಸಮಾನತೆ ಅನ್ನೋದು."

ಉಕ್ತಲೇಖನ ಮುಗಿಯಿತು. ಸಾಹೇಬರು ಪಾಟಿಗಳನ್ನು ನೋಡುತ್ತ ಹಿಂದೆ ಬಂದರು. ಶೆಟ್ಟೆವ್ವನ ಪಾಟಿ ಕೈಗೆತ್ತಿಕೊಂಡು ಓದಿದರು. 'ಮಳೆ. ಎತ್ತು. ಬಿತ್ತಿದ. ಮಗಳು. ಹೊಳೆ.' ನಡುನಡುವೆ ಖಾಲಿ ಜಾಗ.

"ಇದಕ್ಕೆ ಅರ್ಥವೇ ಇಲ್ಲವಲ್ಲ" ಅಂದರು.

"ನೀವು ಈ ಕಡೆ ಮಾರಿ ಮಾಡಿದಾಗ ಹೇಳಿದ ಶಬ್ದ ಅವು, ಸಾಹೇಬ್ರ. ಅಷ್ಟೂ ಬರದಾಳ. ಒಂದೂ ತಪ್ಪಿಲ್ಲ, ನೋಡ್ರಿ."

ಸಾಹೇಬರು ಮತ್ತೊಮ್ಮೆ ಪಾಟಿ ನೋಡಿದರು. ಹುಡುಗಿಯ ಮುಖ ನೋಡಿದರು. ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಗೌಡನ ಆಳು ಬಾಗಿಲಿಗೆ ಬಂದು, "ತಾಟ ಹಾಕ್ಯಾರ್ರಿ, ಬರಬೇಕಂತ" ಅಂದ. ಸಾಹೇಬರು ಕೈಗಡಿಯಾರ ನೋಡಿ ಪಾಟಿ ಕೆಳಗಿಟ್ಟರು.

ಊಟದ ಹೊತ್ತಿನಲ್ಲಿ ಅಲ್ಲಿ ಏನು ಮಾತಾಯಿತೋ ಯಾರಿಗೂ ಗೊತ್ತಿಲ್ಲ. ಬೇಸಿಗೆ ರಜೆಗೆ ಮುಂಚೆಯೇ ಆರ್ಡರು ಬಂತು. ಇಂದ್ರಾಬಾಯಿಯವರಿಗೆ ಮುದ್ದೇಬಿಹಾಳ ತಾಲೂಕಿಗೆ ವರ್ಗ. ತರಗತಿಯ ಶಿಸ್ತು ಕೆಡಿಸಿದ್ದಕ್ಕೆ ಸಮಜಾಯಿಷಿ ಕೊಡಬೇಕು ಅಂತ ಇನ್ನೊಂದು ಕಾಗದ. ಶೆಟ್ಟೆವ್ವ ಮತಿಮಂದೆ, ಸಾಮಾನ್ಯ ಸಾಲಿಗೆ ಯೋಗ್ಯಳಲ್ಲ ಅಂತ ಮಾಸ್ತರ ಹಾಜರಿಯಿಂದ ಹೆಸರು ತೆಗೆದರು.

ಅಕ್ಕೋರು ಟ್ರಂಕು ಹೊತ್ತು ಬಸ್ಸಿಗೆ ನಿಂತಾಗ ಕೇರಿಯ ಹೆಂಗಸರೆಲ್ಲ ಬಂದಿದ್ದರು. ಅಕ್ಕೋರು ಶೆಟ್ಟೆವ್ವನ ಗಲ್ಲ ಹಿಡಿದು, ತುಟಿ ಕಾಣುವ ಹಾಗೆ, "ಮರೀಬ್ಯಾಡ. ದಿನಾ ಬರಿ" ಅಂದರು. ದುರ್ಗವ್ವನಿಗೆ, "ತಂಗಡಗಿ ದಾಟಿ ಹೊಳಿ ದಂಡಿ ಊರಂತ. ಎಂದಾರ ಬಾ" ಅಂದರು.

ದುರ್ಗವ್ವ ಸಾಲಿಗೆ ಹೋಗಿ ಮಾಸ್ತರರ ಕಾಲು ಹಿಡಿದಳು.

"ಮೂಲ್ಯಾಗ ಕುಂದರಸ್ರಿ, ಸಾಕ್ರಿ."

"ಇಂಥವರಿಗೆ ಬ್ಯಾರೆ ಸಾಲಿ ಇರ್ತಾವ. ದೊಡ್ಡ ಊರಿಗೆ ಕಳಸು."

"ಯಾವ ಊರ್ರಿ?"

"ನನಗೇನು ಗೊತ್ತು? ವಿಚಾರಿಸ್ಕೋ."

ಸಿಂದಗಿಯ ಶಿಕ್ಷಣ ಇಲಾಖೆ ಆಫೀಸಿಗೂ ಹೋದಳು. ಅಲ್ಲಿ ಗುಮಾಸ್ತ, "ಸಾಹೇಬ್ರು ಇಲ್ಲ, ನಾಳೆ ಬಾ" ಅಂದ. ಮತ್ತೊಮ್ಮೆ ಹೋದರೆ, "ಹೆಡ್‌ಮಾಸ್ತರ ಬರದು ಕೊಟ್ರ ನೋಡೋಣು" ಅಂದ. ಎರಡು ದಿನದ ಕೂಲಿ ಹೋಯಿತು. ಮೂರನೇ ದಿನ ಗೌಡನ ಆಳು ಗುಡಿಸಲಿಗೆ ಬಂದ. ಶೆಟ್ಟೆವ್ವ ಆತನ ಹಿಂದೆ ಹೋದಳು. ಎಲ್ಲಿಗೆ, ಯಾಕೆ ಅಂತ ಆಕೆಗೆ ಹೇಳುವ ಧೈರ್ಯ ಅವ್ವನಿಗೆ ಆಗಲಿಲ್ಲ.

ಬೇಸಿಗೆ ಕಳೆಯಿತು. ಶೆಟ್ಟೆವ್ವ ದಿನವಿಡೀ ಸಗಣಿ ಬಳಿದು, ನೀರು ಹೊತ್ತು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದಳು. ಮಾತಾಡುವುದನ್ನು ಬಿಟ್ಟೇಬಿಟ್ಟಳು. ಬೆನ್ನ ಮೇಲೆ, ತೋಳ ಮೇಲೆ ಸಣ್ಣ ಸಣ್ಣ ನೀಲಿ ಕಲೆ ಕಾಣುತ್ತಿದ್ದವು. ದುರ್ಗವ್ವ ಕೈಸನ್ನೆಯಿಂದ ಕೇಳಿದರೆ ಹುಡುಗಿ ತಲೆ ತಗ್ಗಿಸುತ್ತಿದ್ದಳು. ದನ ಹಾದಿರಬೇಕು ಅಂತ ದುರ್ಗವ್ವ ತಿಳಿದುಕೊಂಡಳು.

ಒಂದು ಮುಂಜಾನೆ ಕಾಳು ಹಸನು ಮಾಡಲು ದುರ್ಗವ್ವನನ್ನೂ ಗೌಡನ ಮನೆಗೆ ಕರೆದರು. ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು. ಕೊಟ್ಟಿಗೆಯಲ್ಲಿ ಶೆಟ್ಟೆವ್ವ ಈ ಕಡೆ ಬೆನ್ನು ಮಾಡಿ ಸಗಣಿ ತುಂಬುತ್ತಿದ್ದಳು. ಗೌಡ್ತಿಗೆ ಏನೋ ಬೇಕಾಯಿತು. ಕಟ್ಟೆಯ ಮೇಲೆ ಕೂತಲ್ಲೇ, ಪಕ್ಕದ ಬುಟ್ಟಿಯಿಂದ ಒಂದು ಹರಳುಕಲ್ಲು ಎತ್ತಿ ಒಗೆದಳು. ಹರಳು ಬೆನ್ನಿಗೆ ಬಡಿಯಿತು. ಶೆಟ್ಟೆವ್ವ ಥಟ್ಟನೆ ತಿರುಗಿ ಓಡಿ ಬಂದಳು. ಗೌಡ್ತಿಗೆ ಸಿಟ್ಟೇನೂ ಇರಲಿಲ್ಲ. ಕರೆಯುವುದಕ್ಕೆ ಅಂತಲೇ ಆ ಬುಟ್ಟಿಯಲ್ಲಿ ಹರಳು ಆರಿಸಿ ಇಟ್ಟಿದ್ದರು.

ದುರ್ಗವ್ವ ಮೊರ ಕೆಳಗೆ ಹಾಕಿದಳು. ಎದ್ದು ಹೋಗಿ ಮಗಳ ಕೈ ಹಿಡಿದಳು.

"ಏ, ಎಲ್ಲಿಗೆ ನಡದಿ?" ಅಂದಳು ಗೌಡ್ತಿ.

"ಮನೀಗ್ರಿ."

"ಕೆಲಸ ಯಾರ ಮಾಡಬೇಕು?"

"ಹರಳ ಒಗದು ಯಾರನ್ನರ ಕರ್‍ಕೋರಿ ಯವ್ವಾ. ನನ್ನ ಮಗಳ ಬರಂಗಿಲ್ಲ."

ಸಂಜೆಗೆ ಊರಲ್ಲಿ ಸಾರಿದ ಹಾಗಾಯಿತು. ದುರ್ಗವ್ವನನ್ನು ಯಾರೂ ಕೂಲಿಗೆ ಕರೆಯಬಾರದು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಕೇರಿಯವರಿಗೂ ಹೆದರಿಕೆ. ಎಲ್ಲರ ಹೊಟ್ಟೆ ಆ ಹೊಲದಲ್ಲೇ ತುಂಬಬೇಕು. ರಮಜಾನಬಿ ಒಬ್ಬಳು ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಬಂದಳು. ಬಸ್ಸಿನ ಚಾರ್ಜನ್ನು ದುರ್ಗವ್ವನ ಸೆರಗಿಗೆ ತಾನೇ ಕಟ್ಟಿದಳು.

"ಅಕ್ಕೋರ ಹಂತೇಕ ಹೋಗು. ಇಲ್ಲಿದ್ರ ಈ ಪೋರಿನ್ನ ಜಿಂದಾ ಬಿಡಂಗಿಲ್ಲ."

ಸಿಂದಗಿ, ಅಲ್ಲಿಂದ ತಾಳಿಕೋಟೆ, ಅಲ್ಲಿಂದ ಮುದ್ದೇಬಿಹಾಳ. ಒಂದೊಂದು ಬಸ್‌ಸ್ಟ್ಯಾಂಡಿನಲ್ಲೂ ದುರ್ಗವ್ವ ಯಾರನ್ನೋ ಕೇಳಲು ಹೋದರೆ ಶೆಟ್ಟೆವ್ವ ಸೆರಗು ಜಗ್ಗಿ ಬೋರ್ಡು ತೋರಿಸುತ್ತಿದ್ದಳು. ಬಹಳ ದಿನದ ಮೇಲೆ ಆಕೆಯ ಬಾಯಿಂದ ಮಾತು ಹೊರಟಿತು. "ತಾ-ಳಿ-ಕೋ-ಟೆ." ದುರ್ಗವ್ವನಿಗೆ ಅಳು ಬಂತು, ನಗುವೂ ಬಂತು. ತಂಗಡಗಿಯಲ್ಲಿ ಇಳಿದು ಹೊಳೆಯ ದಂಡೆ ಹಿಡಿದು ನಡೆದರು. ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಸಾಲಿ ಊರ ಮುಂದೆಯೇ ಇತ್ತು. ಮಕ್ಕಳು ಒಟ್ಟಿಗೆ ಒದರುವುದು ದೂರದಿಂದಲೇ ಕೇಳಿಸಿತು. ದುರ್ಗವ್ವ ಕಿಡಕಿಯಿಂದ ಇಣುಕಿದಳು. ಹಲಗೆಯ ಕಡೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಕೊಟ್ಟು ಒಬ್ಬರು ನಿಂತಿದ್ದರು. ಒಂದು ಸಾಲು ಹೇಳುವುದು, ಮಕ್ಕಳು ಒದರುವುದು. ಮತ್ತೊಂದು ಸಾಲು ಹೇಳುವುದು. ಅವರು ತಿರುಗಿದಾಗಲೇ ದುರ್ಗವ್ವನಿಗೆ ಗೊತ್ತಾದದ್ದು, ಅವರು ಅಕ್ಕೋರು.

ಅಕ್ಕೋರು ಹೊರಗೆ ಓಡಿ ಬಂದರು. ಶೆಟ್ಟೆವ್ವನ ತಲೆ ಸವರಿದರು. ದುರ್ಗವ್ವ ನಡೆದದ್ದೆಲ್ಲ ಹೇಳಿದಳು. ಮಗಳ ಕುಪ್ಪಸ ಸರಿಸಿ ಬೆನ್ನಿನ ಕಲೆ ತೋರಿಸಿದಳು.

"ನಾ ಇಲ್ಲೇ ಕೂಲಿ ಮಾಡ್ಕೊಂಡಿರ್ತೇನ್ರಿ. ಇದನ್ನ ನಿಮ್ಮ ಮುಂದ ಕುಂದರಿಸ್ಕೋರಿ."

ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗಿಗೆ ತುಟಿ ಕಾಣಬಾರದು ಅಂತ. ಹಾಗೇ ಸೆರಗಿನೊಳಗಿಂದಲೇ ಮಾತಾಡಿದರು.

"ಆಗಂಗಿಲ್ಲ ದುರ್ಗವ್ವ."

"ಯಾಕ್ರಿ?"

"ಆ ಸಾಲಿ ದಾಖಲೆ ಇಲ್ಲದ ಇಲ್ಲಿ ತಗೋಳಂಗಿಲ್ಲ. ಭೀಮಶ್ಯಾ ಸರ ಕೊಡಂಗಿಲ್ಲ. ಕೊಟ್ರೂ ಅದರಾಗ ಮತಿಮಂದೆ ಅಂತ ಬರದಿರ್ತಾರ."

"ಸುಮ್ಮ ಕುಂದರಲ್ರಿ. ಹೆಸರ ಬ್ಯಾಡ್ರಿ."

"ನನಗ ಬರದು ಕೊಟ್ಟಾರವ್ವಾ. ಇನ್ನೊಮ್ಮೆ ಹಂಗ ಕಲಿಸಿದ್ರ ಮನೀಗಿ ಕಳಸ್ತೇವಿ ಅಂತ. ನೌಕರಿ ಇನ್ನೂ ಕಾಯಂ ಆಗಿಲ್ಲ. ಇಂಡ್ಯಾಗ ಅವ್ವ ಹಾಸಿಗಿ ಹಿಡದಾಳ. ತಮ್ಮಂದಿರು ನನ್ನ ಕೂಳಿನ್ಯಾಗ ಅದಾರ. ಈ ಹೆಡ್‌ಮಾಸ್ತರ ದಿನಾ ಕಿಡಕ್ಯಾಗ ನಿಂತು ನೋಡ್ತಾರ, ನಾ ಹ್ಯಾಂಗ ಕಲಸ್ತೇನಂತ."

ದುರ್ಗವ್ವ ಕೈಯಲ್ಲಿದ್ದ ಗಂಟು ಕೆಳಗಿಟ್ಟಳು.

"ಹಂಗಾರ ಯಾಕ ಕಲಿಸಿದ್ರಿ ಇದಕ?" ಅಂದಳು. ದನಿ ಏರಿತು. "ಏನೂ ತಿಳೀದಂಗ ಇದ್ದಿದ್ರ ಹರಳ ತಿಂದು ಸುಮ್ಮ ಇರತಿತ್ತು. ಈಗ ತಿಳಿತೈತಲ್ರಿ ಎಲ್ಲಾ! ಬಸ್ಸಿನ ಬೋರ್ಡ ಓದಿ ನಿಮ್ಮ ಊರಿಗೆ ನನ್ನ ಕರ್ಕೊಂಡು ಬಂತಲ್ರಿ!"

ಅಕ್ಕೋರ ಕಣ್ಣಿಂದ ನೀರು ಇಳಿಯಿತು. ಸೆರಗು ಮಾತ್ರ ತೆಗೆಯಲಿಲ್ಲ. "ನನಗ ಏನನ್ನಬೇಕು ಅಷ್ಟೂ ಅನ್ನು" ಅಂದರು. "ನನ್ನ ಕೈಯಾಗ ಏನೂ ಇಲ್ಲ."

ದುರ್ಗವ್ವ ಗಂಟು ಎತ್ತಿಕೊಂಡು ಮಗಳ ಕೈ ಹಿಡಿಯಲು ಪಕ್ಕಕ್ಕೆ ತಿರುಗಿದಳು. ಮಗಳು ಅಲ್ಲಿರಲಿಲ್ಲ.

ಶೆಟ್ಟೆವ್ವ ಒಳಗೆ ಹೋಗಿದ್ದಳು. ಮೊದಲ ಸಾಲಿನ ಹುಡುಗರ ನಡುವೆ ಜಾಗ ಮಾಡಿಕೊಂಡು, ಯಾರದೋ ಪಾಟಿ ಎಳೆದು ತೊಡೆಯ ಮೇಲಿಟ್ಟುಕೊಂಡು, ಹಲಗೆ ನೋಡುತ್ತ ಕೂತಿದ್ದಳು. ಆಗಂಗಿಲ್ಲ ಅಂದದ್ದು ಆಕೆಗೆ ಕೇಳಿರಲಿಲ್ಲ. ಅಕ್ಕೋರು ಸಿಕ್ಕರು, ಸಾಲಿ ಸಿಕ್ಕಿತು, ಅಷ್ಟೇ ಆಕೆಗೆ ತಿಳಿದದ್ದು.

ಆಚೆ ಖೋಲಿಯಿಂದ ಹೆಡ್‌ಮಾಸ್ತರ ಬಂದು ಬಾಗಿಲಲ್ಲಿ ನಿಂತರು.

"ಯಾವಕೀ ಅಕಿ? ಏಯ್, ಏಳ ಮ್ಯಾಲೆ!"

ಮಕ್ಕಳೆಲ್ಲ ತಿರುಗಿ ನೋಡಿದರು. ಶೆಟ್ಟೆವ್ವ ತಿರುಗಲಿಲ್ಲ. ಹಲಗೆಯ ಮೇಲಿದ್ದುದನ್ನು ಪಾಟಿಗೆ ಇಳಿಸುತ್ತಿದ್ದಳು.

"ಬಾಯಾರ, ಅಕೀನ್ನ ಹೊರಗ ಹಾಕ್ರಿ."

ಅಕ್ಕೋರು ಹೊಸ್ತಿಲ ಹತ್ತಿರ ಬಂದು ನಿಂತರು. ಕೈಯಲ್ಲಿ ಸುಣ್ಣದಕಡ್ಡಿ ಇತ್ತು. ಒಳಗೆ ಹೋಗಲಿಲ್ಲ, ಹಿಂದಕ್ಕೂ ಸರಿಯಲಿಲ್ಲ.

ದುರ್ಗವ್ವನೂ ಮಗಳನ್ನು ಕರೆತರಲು ಹೋಗಲಿಲ್ಲ. ಗಂಟು ಕೆಳಗಿಟ್ಟು ಸಾಲಿಯ ಕಟ್ಟೆಯ ಮೇಲೆ ಕೂತಳು.

"ಏಯ್, ಕೇಳತೈತಿಲ್ಲೋ ನಿನಗ?" ಅಂತ ಹೆಡ್‌ಮಾಸ್ತರ ಮತ್ತೆ ಕೂಗಿದರು, ಇನ್ನೂ ಜೋರಾಗಿ.